ಪುಕ್ಕಟೆ ಶುಕ್ರವಾರ

“ನಾನು ಈ ಲೈಬ್ರರಿಗೆ ಕಾಲೇ ಇಟ್ಟವನಲ್ಲ ಆಂಟಿ. ಇವತ್ತು ನೀವು ಕರೆದ್ರಿ, ಬಂದೆ. ಅಷ್ಟೇ.”

ಅಫ್ಫಾನ್ ಹೀಗೆಂದು ಬಾಯಿ ಮುಚ್ಚುವುದಕ್ಕೂ ಅವನ ಅಂಗಿಯ ಜೇಬು ಟಿಂಗ್ ಎನ್ನುವುದಕ್ಕೂ ಸರಿಹೋಯಿತು. ಇನ್ನೊಂದು ಟಿಂಗ್. ಆಮೇಲೆ ಬಿಡುವೇ ಇಲ್ಲದೆ ಟಿಂಗ್, ಟಿಂಗ್, ಟಿಂಗ್. ಓದುವ ಕೋಣೆಯಲ್ಲಿ ಪೇಪರು ಹಿಡಿದು ಕೂತಿದ್ದವರೆಲ್ಲ ಒಟ್ಟಿಗೆ ಇತ್ತ ತಿರುಗಿದರು.

ಮಗ್ದಲೀನ್ ಪಾಯ್ಸ್ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ಆ ಜೇಬನ್ನೇ ನೋಡಿದಳು.

“ಈಗಷ್ಟೇ ಮೆಟ್ಟಿಲ ಹತ್ತಿರ ಎಂಥ ಹೇಳಿದ್ದು ನೀನು? ‘ನನ್ನ ಡೇಟಾ ಖಲಾಸ್ ಆಂಟಿ, ನಾಳೆ ರೀಚಾರ್ಜ್ ಮಾಡ್ಬೇಕು’ ಅಂತ ಅಲ್ವಾ?”

“ಹೌದು…”

“ಹಾಗಾದ್ರೆ ಇಷ್ಟು ಮೆಸೇಜು ಯಾರಪ್ಪನ ಮನೆ ಇಂಟರ್‌ನೆಟ್ಟಿನಲ್ಲಿ ಬಂತು ಮಾರಾಯ?”

ಅಫ್ಫಾನ್ ಫೋನನ್ನು ಜೇಬಿನಲ್ಲೇ ಒತ್ತಿ ಹಿಡಿದ. ಭಟ್ಕಳದ ಹುಡುಗ, ದುಬೈನ ದೇರಾದಲ್ಲಿ ಮಾವ ಹಾಶಿಮ್ ಅವರ ಅತ್ತರಿನ ಅಂಗಡಿಯಲ್ಲಿ ಕೆಲಸ. ಮೈಯಿಂದ ಊದಿನ ಪರಿಮಳ ಬರುತ್ತಿತ್ತು. ಮುಖದಲ್ಲಿ ಮಾತ್ರ ರಕ್ತವೇ ಇರಲಿಲ್ಲ.

ಮಗ್ದಲೀನ್‌ಗೆ ಆ ಮುಖ ಹೊಸದಲ್ಲ. ದೇರಾದ ಹೋಟೆಲೊಂದರಲ್ಲಿ ಅವಳು ಸೆಕ್ಯುರಿಟಿ ಸೂಪರ್‌ವೈಸರ್. ಬಿಳಿ ಟವೆಲನ್ನು ಸೂಟ್‌ಕೇಸಿಗೆ ಸೇರಿಸಿಕೊಂಡ ಗೆಸ್ಟು ಲಿಫ್ಟಿನಿಂದ ಇಳಿಯುವಾಗ ಇದೇ ಮುಖ ಹೊತ್ತು ಬರುತ್ತಾನೆ. ನಗುನಗುತ್ತಲೇ ಅಂಥವರ ಸೂಟ್‌ಕೇಸು ತೆರೆಸುವುದರಲ್ಲಿ ಅವಳದು ಎತ್ತಿದ ಕೈ. ಹಾಗಾಗಿಯೇ ಕರಾವಳಿ ಕಡೆಯವರು ಏನಾದರೊಂದು ಎಡವಟ್ಟಾದರೆ ಪೊಲೀಸ್ ಠಾಣೆಯಿಂದ ಹೊರಟು ನೇರ ಅವಳ ಮನೆಯ ಬೆಲ್ ಒತ್ತುತ್ತಾರೆ.

ನಿನ್ನೆ ಸಂಜೆ ಹಾಗೆ ಬೆಲ್ ಒತ್ತಿದವಳು ಡೆಬೊರಾ. ಅಬುಧಾಬಿಯ ಖಾಲಿದಿಯಾದಲ್ಲಿ ನರ್ಸ್. ಅವಳ ತಮ್ಮ ಪ್ರಿಯನ್ ಬುಧವಾರ ಲ್ಯಾಪ್‌ಟಾಪಿನ ಚೀಲ ಹೆಗಲಿಗೇರಿಸಿಕೊಂಡು, ಅಫ್ಫಾನ್ ಜೊತೆ ಹಂಚಿಕೊಂಡಿದ್ದ ರೂಮಿನಿಂದ ಹೊರಟವನು ಮತ್ತೆ ಬಂದಿಲ್ಲ. ಬಂದದ್ದು ಒಂದು ಮೇಲ್ ಮಾತ್ರ, ನಿನ್ನೆ ಶುಕ್ರವಾರ, ಜುಮ್ಮಾ ನಮಾಜು ಮುಗಿದ ಮೇಲೆ. ‘ಕೆಲಸ ಬಿಟ್ಟಿದ್ದೇನೆ, ಊರಿಗೆ ಹೋಗುತ್ತಿದ್ದೇನೆ, ಯಾರೂ ಹುಡುಕಬೇಡಿ.’ ಕಂಪೆನಿಗೊಂದು ಪ್ರತಿ, ಅಕ್ಕನಿಗೊಂದು ಪ್ರತಿ.

ಊರಿಗೆ ಹೋಗುವವನ ಪಾಸ್‌ಪೋರ್ಟು ಅಕ್ಕನ ಪೆಟ್ಟಿಗೆಯಲ್ಲಿತ್ತು!

ಪೊಲೀಸರು ದೂರು ಬರೆದುಕೊಂಡು ವಿಚಾರಣೆ ಶುರುಮಾಡಿದ್ದರು. ಆದರೆ ಕಂಪೆನಿಯವರಿಗೆ ಅಷ್ಟು ತಾಳ್ಮೆ ಇಲ್ಲ. ಸೋಮವಾರ ಬೆಳಿಗ್ಗೆ ಹುಡುಗ ಎದುರು ಬಂದು ನಿಲ್ಲದಿದ್ದರೆ ಅವನ ಹೆಸರಿನ ಮುಂದೆ ‘ಅಬ್‌ಸ್ಕಾಂಡಿಂಗ್’ ಎಂದು ಬರೆದು ಕಳಿಸುತ್ತೇವೆ ಅಂದಿದ್ದರು. ಓಡಿಹೋದವನು ಅಂತ. ಆ ಮಾತು ಒಮ್ಮೆ ಅಂಟಿತೆಂದರೆ ಈ ದೇಶದಲ್ಲಿ ಅವನಿಗೆ ಮತ್ತೆ ಕೆಲಸ ಸಿಗುವುದು ಕನಸಿನ ಮಾತು. ಡೆಬೊರಾ ಅಳುತ್ತಾ ಅದನ್ನೂ ಹೇಳಿ, ಕೊನೆಗೆ, “ಕೆಲಸ ಹಾಳಾಗಿ ಹೋಗಲಿ ಆಂಟಿ, ಅವನು ಜೀವಂತ ಇದ್ದಾನಾ ಅಂತ ಒಂದು ಹೇಳಿ” ಅಂದಿದ್ದಳು. ಆ ಮಾತು ಮಗ್ದಲೀನ್‌ಳ ಎದೆಯಲ್ಲಿ ಇನ್ನೂ ಕೂತಿತ್ತು.

“ಫೋನ್ ಹೊರಗೆ ತೆಗಿ,” ಅಂದಳು ಈಗ.

“ಆಂಟಿ, ಪ್ಲೀಸ್…”

“ತೆಗಿ ಅಂದೆ.”

ಹುಡುಗ ಫೋನು ತೆಗೆದು ಮೇಜಿನ ಮೇಲಿಟ್ಟ. ಪರದೆಯ ಮೂಲೆಯಲ್ಲಿ ವೈಫೈಯ ಗುರುತು ತುಂಬಿಕೊಂಡು ನಿಂತಿತ್ತು. ಒಳಗೆ ಬಂದು ಕೂತದ್ದಷ್ಟೇ, ಯಾರ ನಂಬರನ್ನೂ ಕೇಳದೆ, ಯಾವ ಕೋಡನ್ನೂ ಕೇಳದೆ, ಹಳೇ ಗಿರಾಕಿಯನ್ನು ಕಂಡ ಅಂಗಡಿಯವನ ಹಾಗೆ ಅದು ಅವನನ್ನು ಒಳಗೆ ಕರೆದುಕೊಂಡಿತ್ತು.

ಮಗ್ದಲೀನ್‌ಳನ್ನಾದರೋ ಅದು ಸತಾಯಿಸಿತ್ತು. ಅಫ್ಫಾನ್ ಬರುವ ಮುಂಚೆ ಅವಳು ಕೌಂಟರಿನ ಝಹೀರ್ ಎಂಬುವನ ಎದುರು ನಿಂತು, ತನ್ನ ಮೊಬೈಲ್ ನಂಬರ್ ಒತ್ತಿ, ಅದಕ್ಕೆ ಬಂದ ಕೋಡನ್ನು ತಪ್ಪು ಹಾಕಿ, ಇನ್ನೊಂದು ತರಿಸಿ, ಅಂತೂ ಇಂತೂ ಒಳಗೆ ಹೊಕ್ಕಿದ್ದಳು. ಝಹೀರ್ ಕಾಸರಗೋಡಿನವನು, ಕನ್ನಡ ಬಲ್ಲವನು. ಸಹಾಯ ಮಾಡಿದ್ದಕ್ಕೆ ಅವಳ ಬಾಯಿಂದ ಅಭ್ಯಾಸದಂತೆ “ದೇವ್ ಬರೆಂ ಕರುಂ” ಎಂದು ಬಂದಿತ್ತು. “ಎಂದಾ ಮ್ಯಾಡಮ್?” ಎಂದು ಅವನು ಮಲಯಾಳದಲ್ಲಿ ಕೇಳಿ ಕಣ್ಣರಳಿಸಿದ್ದ. “ದೇವರು ಒಳ್ಳೇದು ಮಾಡಲಿ ಅಂತ. ನಮ್ಮ ಕೊಂಕಣಿಯ ಥ್ಯಾಂಕ್ಯೂ” ಎಂದು ನಕ್ಕಿದ್ದಳು. ಹೋಟೆಲಿನಲ್ಲಿ ಫಿಲಿಪೀನ್ಸಿನ ಹುಡುಗಿಯರು ಇದೇ ಮಾತಿಗೆ ಅವಳನ್ನು ದಿನಾ ಕಾಡಿಸುತ್ತಾರೆ.

“ಒಮ್ಮೆ ಕೋಡ್ ಹಾಕಿದ ಫೋನಿಗೆ ಒಂದು ವಾರ ಮತ್ತೆ ಕೇಳೂದಿಲ್ಲ,” ಅಂತಲೂ ಝಹೀರ್ ಹೇಳಿದ್ದ. “ತಾನಾಗೇ ಕನೆಕ್ಟ್ ಆಗ್ತದೆ.”

ಆ ಮಾತನ್ನು ಅವಳು ಸೆರಗಿಗೆ ಗಂಟು ಹಾಕಿಕೊಂಡಿದ್ದಳು. ಈಗ ಬಿಚ್ಚಿದಳು.

“ಈ ವಾರದ ಒಳಗೇ ನೀನು ಇಲ್ಲಿಗೆ ಬಂದಿದ್ದಿ. ಯಾವತ್ತು?”

“ಮಂಗಳವಾರ. ಪ್ರಿಯನ್ ಸಂಗ್ತಿಗೆ.”

“ಎಂತಕ್ಕೆ?”

“ರೂಮಿನ ನೆಟ್ಟು ಎಲ್ರೂ ಹಂಚ್ಕೊಳ್ಳೂದು ಆಂಟಿ, ಒಂದು ಪೇಜು ತೆರೀಲಿಕ್ಕೆ ಒಂದು ಚಾ ಕುಡ್ದು ಮುಗೀತದೆ. ಇಲ್ಲಿ ಪುಕ್ಕಟೆ, ಎಸಿ ಉಂಟು. ನಾವಿಬ್ರೂ ಬೇರೆ ಕೆಲಸಕ್ಕೆ ಅರ್ಜಿ ಹಾಕ್ಲಿಕ್ಕೆ ಬರ್ತಿದ್ವು. ಫೋನಿನಲ್ಲೇ.”

“ಪ್ರಿಯನ್ ಲ್ಯಾಪ್‌ಟಾಪ್ ತರ್ತಿದ್ನಾ?”

“ಇಲ್ಲ. ಅದು ಭಾರ ಅಂತ ಹೇಳಿ ರೂಮಲ್ಲೇ ಇಡ್ತಿದ್ದ. ಬುಧವಾರ ಮಾತ್ರ ತಕ್ಕೊಂಡು ಹೋದ.”

“ಮತ್ತೆ ಸುಳ್ಳು ಯಾಕೆ ಹೇಳಿದ್ದು? ಕಾಲೇ ಇಟ್ಟವನಲ್ಲ ಅಂತ?”

“ಹೆದರಿಕೆ ಆಯ್ತು,” ಅಂದ ಅಫ್ಫಾನ್. ಅಷ್ಟೇ ಅಂದ.

ಹೆದರಿಕೆ ಇದ್ದದ್ದು ನಿಜ, ಆದರೆ ಅದು ಪೂರ್ತಿ ನಿಜವಲ್ಲ ಎಂದು ಮಗ್ದಲೀನ್‌ಗೆ ಅನಿಸಿತು. ಹತ್ತಿರದ ಕಪಾಟಿನ ಬಳಿ ಝಹೀರ್ ಪುಸ್ತಕ ಜೋಡಿಸುತ್ತಿದ್ದ. ಅವನು ಅದೇ ಸಾಲನ್ನು ಮತ್ತೆ ಮತ್ತೆ ಜೋಡಿಸುತ್ತಿರುವುದನ್ನು ಅವಳು ಗಮನಿಸಿದಳು. ಕಿವಿ ಇತ್ತಲೇ ಇತ್ತು. ಇವನಿಗೇನು ಇಷ್ಟು ಆಸಕ್ತಿ? ಬೆಳಿಗ್ಗೆಯಿಂದ ಅವಳಿಗೆ ಎಲ್ಲರ ಮೇಲೂ ಅನುಮಾನವೇ.

ಬೆಳಿಗ್ಗೆ ಅವಳೂ ಡೆಬೊರಾಳೂ ದೇರಾದಿಂದ ದೂರದ ಇಂಟರ್‌ನ್ಯಾಷನಲ್ ಸಿಟಿ ಬಡಾವಣೆಯಲ್ಲಿದ್ದ ಹುಡುಗರ ರೂಮಿಗೆ ಹೋಗಿದ್ದರು. ಅಲ್ಲಿ ಕಪಾಟಿನ ತಳದಲ್ಲಿ, ಕಂಬಳಿಯ ಮಡಿಕೆಯೊಳಗೆ ಪ್ರಿಯನ್‌ನ ಫೋನ್ ಸಿಕ್ಕಿತು. ಚಾರ್ಜ್ ಇತ್ತು. ಲಾಕ್ ತೆರೆಯಲಾಗಲಿಲ್ಲ, ಆದರೆ ಲಾಕ್ ಆದ ಪರದೆಯ ಮೇಲೆಯೇ ಒಂದು ಮೆಸೇಜ್ ನಿಂತಿತ್ತು: ಲೈಬ್ರರಿಯ ವೈಫೈಗೆ ನಿಮ್ಮ ಕೋಡ್, ಇಂತಿಷ್ಟು. ಅದು ಬಂದ ಹೊತ್ತು ನಿನ್ನೆ ಮಧ್ಯಾಹ್ನ, ಆ ಮೇಲ್ ಹೊರಡುವುದಕ್ಕೆ ಸ್ವಲ್ಪ ಮುಂಚೆ. ಅಫ್ಫಾನ್, “ಆ ಫೋನು ನಾ ನೋಡೇ ಇಲ್ಲ” ಅಂದು ಅಂಗಡಿಗೆ ಓಡಿದ್ದ.

ಡೆಬೊರಾ ಗುರುವಾರದ ರಾತ್ರಿಪಾಳಿ ಮುಗಿಸಿದ ಮೇಲೆ ನಿದ್ದೆಯನ್ನೇ ಮಾಡಿರಲಿಲ್ಲ, ಕಾಲು ನೆಲಕ್ಕೆ ನಿಲ್ಲುತ್ತಿರಲಿಲ್ಲ. ಲೈಬ್ರರಿಗೆ ಬರುವ ದಾರಿಯಲ್ಲಿ ಅವಳನ್ನು ಮಗ್ದಲೀನ್ ತನ್ನ ಮನೆಯ ಕೆಳಗೆ ಇಳಿಸಿದ್ದಳು. ಗಂಡ ಪಾಯ್ಸ್ ಡ್ಯೂಟಿಗೆ ಹೋಗಿದ್ದ, ಆದರೆ ಗಂಡನ ಅಣ್ಣ ಗೇಬ್ರಿಯಲ್ ಮನೆಯಲ್ಲಿದ್ದರು. ಹಿಂದೆ ಇದೇ ದೇರಾದಲ್ಲಿ ಬಹಳ ವರ್ಷ ದುಡಿದು, ಕೊರೋನಾಕ್ಕಿಂತ ಮುಂಚೆಯೇ ಊರು ಸೇರಿದವರು, ಈಗ ವಿಸಿಟ್ ವೀಸಾದಲ್ಲಿ ಬಂದು ಇನ್ನೊಂದು ಕೆಲಸ ಹುಡುಕುತ್ತಿದ್ದರು. ನಿನ್ನೆ ರಾತ್ರಿ ಅವರೇ ದೇರಾ ಮೀನು ಮಾರ್ಕೆಟಿನಿಂದ ತಂದ ಅಂಜಲ್ ಹುರಿದು, “ಒಂದು ತುಂಡಾದ್ರೂ ತಿನ್ನು ಮಗಾ” ಅಂತ ಡೆಬೊರಾಳನ್ನು ಸಂತೈಸಿದ್ದರು. ಇವತ್ತೂ ಕೆಳಗೆ ಇಳಿದು ಬಂದು ಹುಡುಗಿಯ ಚೀಲ ತಾವೇ ಎತ್ತಿಕೊಂಡು ಹೋದರು. ಅಂಥ ಒಬ್ಬ ಹಿರಿಯರು ಮನೆಯಲ್ಲಿದ್ದದ್ದು ಮಗ್ದಲೀನ್‌ಗೆ ದೊಡ್ಡ ಸಮಾಧಾನವಾಗಿತ್ತು.

ಬೆಳಿಗ್ಗೆ ತಲೆ ಕೆಡಿಸಿದ ಇನ್ನೊಂದು ಸಂಗತಿ ಅಂದರೆ ಪಾರ್ಕಿಂಗ್ ದಂಡ. ಏಳುವಾಗಲೇ ಅದರ ಮೆಸೇಜು. ಪಾಯ್ಸ್ ಎಲ್ಲಿಯೋ ದುಡ್ಡು ಹಾಕದೆ ಕಾರು ನಿಲ್ಲಿಸಿರಬೇಕು, ಸಂಜೆ ಅವನಿಗೆ ಸರಿಯಾಗಿ ಮಂಗಳಾರತಿ ಎತ್ತೋಣ ಎಂದು ಅದನ್ನು ಪೂರ್ತಿ ತೆರೆದು ಓದುವುದಕ್ಕೂ ಹೋಗಿರಲಿಲ್ಲ. ಆ ಸಿಟ್ಟಿನಲ್ಲೇ ಲೈಬ್ರರಿಯ ಎದುರು ಕಾರು ನಿಲ್ಲಿಸಿ ಮೊದಲು ಪಾರ್ಕಿಂಗಿನ ಹಣ ಕಟ್ಟಿಯೇ ಒಳಗೆ ಬಂದಿದ್ದಳು.

“ಅಫ್ಫಾನ್, ನನ್ನ ಮುಖ ನೋಡು,” ಅಂದಳು. ದನಿ ತಗ್ಗಿಸಿದಳು, ಅದು ಗದರುವುದಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ ಎಂದು ಅವಳಿಗೆ ಗೊತ್ತು. “ನಿನ್ನೆ ಇಲ್ಲಿಯ ವೈಫೈಗೆ ಯಾರೋ ಒಂದು ಹೊಸ ಮಿಶಿನ್ ಸೇರಿಸಿದ್ದಾರೆ. ಪ್ರಿಯನ್‌ನ ಫೋನ್ ಆಗಿದ್ರೆ ಅದು ಕೋಡೇ ಕೇಳ್ತಿರಲಿಲ್ಲ, ಮಂಗಳವಾರವೇ ಕೊಟ್ಟಾಗಿದೆ. ಹಾಗಾದ್ರೆ ಇಲ್ಲಿಗೆ ಬಂದದ್ದು ಅವನ ಲ್ಯಾಪ್‌ಟಾಪು. ಕೋಡ್ ಹೋದದ್ದು ಅವನ ಫೋನಿಗೆ. ಆ ಫೋನ್ ಎಲ್ಲಿತ್ತು?”

ಹುಡುಗ ಮೇಜಿನ ಮೇಲಿದ್ದ ತನ್ನ ಫೋನನ್ನು ಬೋರಲು ಮಾಡಿದ.

“ನಿಮ್ಮ ರೂಮಿನಲ್ಲಿತ್ತು. ಲ್ಯಾಪ್‌ಟಾಪ್ ದೇರಾದಲ್ಲಿ, ಫೋನ್ ಇಂಟರ್‌ನ್ಯಾಷನಲ್ ಸಿಟಿಯಲ್ಲಿ. ಕೋಡ್ ಹಾರಿಕೊಂಡು ಬಂತಾ? ರೂಮಿನಲ್ಲಿದ್ದವರು ಯಾರೋ ಅದನ್ನು ಓದಿ ಹೇಳ್ಬೇಕು. ಬೇರೆ ಹುಡುಗರೆಲ್ಲ ನಿನ್ನೆ ಕೆಲಸದಲ್ಲಿದ್ರು, ನಾನು ವಿಚಾರಿಸಿದ್ದೇನೆ. ಜುಮ್ಮಾ ಮುಗಿಸಿ ರೂಮಿಗೆ ಬಂದು ಮಲಗಿದವನು ನೀನೊಬ್ಬನೇ.”

ಅಫ್ಫಾನ್‌ನ ಕಣ್ಣು ತುಂಬಿಬಂತು. ತೋಳಿನಿಂದ ಒರೆಸಿಕೊಂಡ.

“ಯಾರಿಗೆ ಹೇಳಿದ್ದು ಕೋಡ್?”

“ಪ್ರಿಯನ್‌ಗೇ,” ಅಂದ. ಆಮೇಲೆ ತಲೆ ಅಲ್ಲಾಡಿಸಿದ. “ಪ್ರಿಯನ್ ಅಂದ್ಕೊಂಡೆ ಆಂಟಿ. ಈಗ ಗೊತ್ತಿಲ್ಲ.”

ಕಪಾಟಿನ ಬಳಿ ಪುಸ್ತಕದ ಸದ್ದು ನಿಂತಿತು.

“ಸರಿಯಾಗಿ ಹೇಳು. ಬಿಟ್ಟು ಹೇಳಬೇಡ.”

“ಅವ ಫೋನು ಚಾರ್ಜಿಗೆ ಹಾಕಿ ಹೋಗಿದ್ದ. ಬೇಗ ಬರ್ತೆ, ಒಬ್ರು ಹಿರಿಯರ ಹತ್ರ ಒಂದು ವಿಷ್ಯ ನೇರ ಕೇಳೂದುಂಟು ಅಂದಿದ್ದ. ಬರ್ಲೇ ಇಲ್ಲ. ನಿನ್ನೆ ಅದು ರಿಂಗಾಯ್ತು. ಹೆಸ್ರು ಇಲ್ಲದ ನಂಬರು. ನಾನು ‘ಹಲೋ, ಅಫ್ಫಾನ್ ಮಾತಾಡೂದು’ ಅಂದೆ. ಆಚೆಯಿಂದ, ‘ನಾನು ಮಾರಾಯ. ಬೇರೆಯವ್ರ ಫೋನು. ನನ್ನದಕ್ಕೆ ಒಂದು ಕೋಡ್ ಬರ್ತದೆ, ಬೇಗ ಓದಿ ಹೇಳು’ ಅಂತ. ಗಂಟಲು ಕಟ್ಟಿದ ಹಾಗಿತ್ತು, ಪಿಸುಪಿಸು. ಲೈಬ್ರರಿ ಅಲ್ವಾ, ಮೆಲ್ಲ ಮಾತಾಡ್ತಾನೆ ಅಂದ್ಕೊಂಡೆ. ಓದಿ ಹೇಳ್ದೆ.”

“ಆಮೇಲೆ?”

“ಆಮೇಲೆ ಮೇಲ್ ಸುದ್ದಿ ಬಂತು. ಡೆಬೊರಾ ಅಕ್ಕ ಅತ್ತದ್ದು ಕೇಳ್ತು. ನನ್ನ ವೀಸಾ ರಿನೀವಲ್ಲಿಗೆ ಹೋಗೇದೆ ಆಂಟಿ. ಪೊಲೀಸ್ರ ಹತ್ರ ನನ್ನ ಹೆಸ್ರು ಬಂದ್ರೆ ಮಾವ ನನ್ನ ಸೀದಾ ಭಟ್ಕಳಕ್ಕೆ ಅಟ್ತಾರೆ. ಅದ್ಕೇ ಫೋನು ಅಡಗ್ಸಿಟ್ಟೆ.”

ಹುಡುಗನ ಕೆನ್ನೆಗೆ ಎರಡು ಬಿಗಿಯಬೇಕು ಅನಿಸಿತು ಮಗ್ದಲೀನ್‌ಗೆ. ಪಾಪ ಅಂತಲೂ ಅನಿಸಿತು. ಎರಡನ್ನೂ ಬದಿಗಿಟ್ಟು ಕೇಳಿದಳು:

“ಪ್ರಿಯನ್ ಅಲ್ಲ ಅಂತ ಯಾವಾಗ ಅನುಮಾನ ಬಂತು?”

“ಫೋನ್ ಇಡುವಾಗ. ಕೋಡ್ ಹೇಳಿದ ಮೇಲೆ ಅವ ‘ದೇವ್ ಬರೆಂ ಕರುಂ’ ಅಂದ.”

ಮಗ್ದಲೀನ್ ಕುರ್ಚಿಯಲ್ಲಿ ನೆಟ್ಟಗೆ ಕೂತಳು. “ಎಂಥ ಅಂದ?”

“ದೇವ್ ಬರೆಂ ಕರುಂ. ನಮ್ಮ ನವಾಯತಿ ಭಾಷೆಗೂ ನಿಮ್ಮ ಕೊಂಕಣಿಗೂ ನೆಂಟಸ್ತಿಕೆ ಉಂಟಲ್ಲ, ಅರ್ಥ ಆಯ್ತು. ಆದ್ರೆ ಪ್ರಿಯನ್ ಹಾಗೆಲ್ಲ ಹೇಳೂದಿಲ್ಲ ಆಂಟಿ. ಅವನದ್ದು ‘ಥ್ಯಾಂಕ್ಸ್ ಬ್ರೋ’. ಜಾಸ್ತಿ ಖುಷಿಯಾದ್ರೆ ‘ಶುಕ್ರನ್ ಹಬೀಬಿ’. ಅದೂ ನನ್ನ ಹತ್ರ ಅವ ಕೊಂಕಣಿ ಮಾತಾಡಿದ್ದೇ ಇಲ್ಲ.”

ಮಗ್ದಲೀನ್ ಆ ಮೂರು ಮಾತನ್ನು ತನ್ನೊಳಗೇ ಒಮ್ಮೆ ಹೇಳಿ ನೋಡಿದಳು.

ಅದು ಯೋಚಿಸಿ ಆಡುವ ಮಾತಲ್ಲ. ಚಾ ಕೊಟ್ಟರೂ ಅದೇ, ಬಾಗಿಲು ಹಿಡಿದರೂ ಅದೇ, ಎದುರಿಗಿರುವವರಿಗೆ ಅರ್ಥವಾದರೂ ಅದೇ, ಆಗದಿದ್ದರೂ ಅದೇ. ಊಟದ ಮುಂಚಿನ ಪ್ರಾರ್ಥನೆಯ ಜೊತೆಯಲ್ಲೇ ಅಜ್ಜಿಯರು ಕಲಿಸಿದ್ದು, ನಾಲಿಗೆಯ ಮೇಲೆ ಕೂತುಬಿಟ್ಟಿದೆ. ಈಗಿನ ಮಕ್ಕಳ ನಾಲಿಗೆಯ ಮೇಲಿಲ್ಲ, ಅವರಿಗೆ ಥ್ಯಾಂಕ್ಸೇ ಸಾಕು. ತನ್ನ ವಯಸ್ಸಿನವರು ಹೇಳುತ್ತಾರೆ. ತನಗಿಂತ ಹಿರಿಯರು ಹೇಳದೆ ಇರಲಾರರು. ಆ ಮನುಷ್ಯ ಪ್ರಿಯನ್‌ನ ಸ್ವರ ಅನುಕರಿಸಿದ, ಮಾತು ಅನುಕರಿಸಿದ, ಕೆಲಸ ಆಯಿತೆಂದು ಉಸಿರು ಬಿಟ್ಟ ಕೂಡಲೇ ಅವನದೇ ನಾಲಿಗೆ ಅವನಿಗೆ ಕೈಕೊಟ್ಟಿತು.

ಒಬ್ಬ ಹುಡುಗನನ್ನು ಮಾಯ ಮಾಡಿ, ಅದಕ್ಕೆ ಸಹಾಯ ಮಾಡಿದವನಿಗೆ ದೇವರು ಒಳ್ಳೆಯದು ಮಾಡಲಿ ಎನ್ನುವುದೆಂದರೆ! ಅವಳಿಗೆ ನಾಚಿಕೆಯಾಯಿತು. ತನ್ನವರೇ ಯಾರೋ. ಚರ್ಚಿನಲ್ಲಿ ತನ್ನ ಪಕ್ಕದ ಬೆಂಚಿನಲ್ಲಿ ಮೊಣಕಾಲೂರಿದವರೇ ಯಾರೋ.

“ಪ್ರಿಯನ್‌ನ ನಂಬರ್ರೇ ಯಾಕೆ ಬೇಕಿತ್ತು ಆಂಟಿ ಅವರಿಗೆ?” ಅಫ್ಫಾನ್ ಕೇಳಿದ.

“ನಾಳೆ ಪೊಲೀಸರು ಈ ಮೇಲ್ ಎಲ್ಲಿಂದ ಹೋಯಿತು ಅಂತ ಹುಡುಕಿದ್ರೆ ಎಂಥ ಸಿಗ್ಬೇಕು? ಪ್ರಿಯನ್ ಅವನದೇ ನಂಬರ್ ಕೊಟ್ಟು, ಅವನದೇ ಲ್ಯಾಪ್‌ಟಾಪಿನಲ್ಲಿ, ಅವನು ಯಾವಾಗಲೂ ಬರುವ ಲೈಬ್ರರಿಯಲ್ಲಿ ಕೂತು ಆರಾಮಾಗಿ ಬರೆದ ಅಂತ. ಆಗ ಹುಡುಕುವವರೂ ಕೈಚೆಲ್ಲುತ್ತಾರೆ.” ಅವಳು ಸಟ್ಟನೆ ಎದ್ದಳು. “ಲ್ಯಾಪ್‌ಟಾಪ್ ಯಾರ ಹತ್ತಿರ ಉಂಟೋ, ಪ್ರಿಯನ್ ಅವರ ಹತ್ತಿರವೇ ಇರೋದು. ಅವರ ಮುಖ ಇಲ್ಲಿಯ ಕ್ಯಾಮೆರಾದಲ್ಲಿ ಇರ್ಲೇಬೇಕು. ಝಹೀರ್!”

ಝಹೀರ್ ಕಪಾಟಿನ ಹಿಂದಿನಿಂದ ಎಷ್ಟು ಬೇಗ ಬಂದನೆಂದರೆ, ಕೇಳಿಸಿಕೊಳ್ಳುತ್ತಲೇ ಇದ್ದ ಎನ್ನುವುದನ್ನು ಮುಚ್ಚಿಡುವ ಗೋಜಿಗೂ ಹೋಗಲಿಲ್ಲ.

“ನಿನ್ನೆ ಜುಮ್ಮಾ ಆದ ಮೇಲೆ ಇಲ್ಲಿ ಒಳಗೆ ಯಾರು ಯಾರು ಕೂತಿದ್ರು?”

“ಯಾರೂ ಇಲ್ಲ.”

“ಯಾರೂ ಇಲ್ಲ ಅಂದ್ರೆ?”

“ಶುಕ್ರವಾರ ನಮಾಜಿಗೆ ಮುಂಚೆಯೇ ಬಾಗಿಲು ಹಾಕ್ತೇವೆ ಮ್ಯಾಡಮ್. ಮತ್ತೆ ತೆರೆಯೂದು ಶನಿವಾರ.”

ಮಗ್ದಲೀನ್ ಅವನನ್ನು ಮೇಲಿನಿಂದ ಕೆಳಗೆ ನೋಡಿದಳು. “ಬೀಗ ಹಾಕಿದ ಲೈಬ್ರರಿಯ ವೈಫೈಯನ್ನು ಯಾರು ಬಳಸಿದ್ದು? ಬೀಗದ ಕೈ ಇದ್ದವರೋ?”

ಝಹೀರ್‌ಗೆ ಮಾತಿನ ಮೊನೆ ತಾಗಿತು. ಮುಖ ಕೆಂಪಾಯಿತು. “ನನ್ನ ಮೇಲೆ ಹಾಕ್ಬೇಡಿ ಮ್ಯಾಡಮ್. ನಾನು ಬೀಗ ಹಾಕಿ ಮಸೀದಿಗೆ ಹೋದವನು. ಬಾಗಿಲು ಹಾಕಿದ್ರೂ ವೈಫೈ ಬಂದ್ ಮಾಡೂದಿಲ್ಲ, ಅದು ಗೋಡೆ ದಾಟಿ ಪಾರ್ಕಿಂಗ್ ತನಕ ಸಿಗ್ತದೆ. ಎಷ್ಟೋ ಜನ ಕಾರಿನಲ್ಲೇ ಕೂತು ನೋಡ್ತಾರೆ. ಬನ್ನಿ, ತೋರಿಸ್ತೇನೆ.”

ಕಿಟಕಿಯ ಹೊರಗೆ ಬಿಸಿಲು ಹೊಳೆಯುತ್ತಿತ್ತು. ಗೋಡೆಯುದ್ದಕ್ಕೂ ಕಾರುಗಳು, ಅವುಗಳ ನಡುವೆ ಅವಳದೇ ಬೂದು ಬಣ್ಣದ ಹಳೇ ಕಾರು. ಮೂವರೂ ಕಿಟಕಿಗೆ ಹಣೆ ತಾಗಿಸಿ ನಿಂತರು.

“ನಿನ್ನೆ ಮಸೀದಿಯಿಂದ ವಾಪಸು ಬರುವಾಗ ನೀನು ಈ ದಾರಿಯಲ್ಲೇ ಬಂದ್ಯಾ? ಯಾವ ಕಾರಿತ್ತು?”

“ಕಾರು ಅಂತ ಯಾರು ನೋಡ್ತಾರೆ ಮ್ಯಾಡಮ್. ದಂಡ ಹಾಕುವವನು ಸುತ್ತು ಹೊಡೀತಿದ್ದ, ಅದು ನೆನಪುಂಟು.” ಝಹೀರ್ ಸ್ವಲ್ಪ ನಕ್ಕ. “ಒಂದು ಕಾರಿಗೆ ಹಾಕಿಯೂ ಹೋದ. ಒಳಗಿದ್ದವರು ಕೆಳಗೆ ಇಳಿದು ಜಗಳಕ್ಕೆ ನಿಂತ್ರು, ‘ಶುಕ್ರವಾರ ಪಾರ್ಕಿಂಗ್ ಪುಕ್ಕಟೆ ಅಲ್ವಾ’ ಅಂತ. ನಾನು ಆಚೆ ಬದಿಯಲ್ಲಿದ್ದೆ, ಮುಖ ಕಾಣಲಿಲ್ಲ. ನಗು ಬಂತು. ಶುಕ್ರವಾರ ಪುಕ್ಕಟೆ ಇದ್ದದ್ದು ಯಾವ ಕಾಲದ ಕತೆ! ವಾರದ ರಜೆ ಬದಲಾದ ಮೇಲೆ ಪುಕ್ಕಟೆ ಆದಿತ್ಯವಾರ ಅಲ್ವಾ? ಇಲ್ಲಿರುವ ಚಿಕ್ಕ ಮಕ್ಕಳಿಗೂ ಗೊತ್ತುಂಟು.”

ಅಫ್ಫಾನ್ ಕೂಡ ನಕ್ಕ. “ಹಳೇ ದುಬೈನವ್ರು ಯಾರೋ. ನಡುವೆ ಊರಿಗೆ ಹೋಗಿ ಕೂತು ಈಗ ಬಂದವ್ರು.”

ಮಗ್ದಲೀನ್ ನಗಲಿಲ್ಲ.

ಹಳೇ ದುಬೈನವರು. ಶುಕ್ರವಾರ ರಜೆ ಇದ್ದ ಕಾಲದಲ್ಲಿ ಇಲ್ಲಿದ್ದು, ಅದು ಬದಲಾಗುವ ಮುಂಚೆಯೇ ಹೋಗಿ, ಈಗ ಮರಳಿ ಬಂದವರು. ‘ದೇವ್ ಬರೆಂ ಕರುಂ’ ಎನ್ನುವ ವಯಸ್ಸಿನವರು. ಪ್ರಿಯನ್ ಏನನ್ನೋ ನೇರ ಕೇಳಲು ಹೋದ ಆ ಹಿರಿಯರು.

ಕೈಚೀಲದಿಂದ ಫೋನು ತೆಗೆದಳು. ಬೆಳಿಗ್ಗೆಯ ದಂಡದ ಮೆಸೇಜನ್ನು ಈಗ ತೆರೆದಳು. ದಿನ: ಶುಕ್ರವಾರ. ಜಾಗ: ಇದೇ ಬೀದಿ.

ಶುಕ್ರವಾರ ಅವಳು ಹೋಟೆಲಿನ ಬಸ್ಸಿನಲ್ಲಿ ಡ್ಯೂಟಿಗೆ ಹೋಗಿದ್ದಳು. ಪಾಯ್ಸ್‌ನನ್ನು ಕಂಪೆನಿಯ ವ್ಯಾನು ಕರೆದುಕೊಂಡು ಹೋಗಿತ್ತು. ಕಾರಿನ ಕೀ ಫ್ರಿಜ್ಜಿನ ಮೇಲಿತ್ತು. “ಚರ್ಚಿಗೆ ಹೋಗಿ ಬರ್ತೇನೆ, ಕಾರು ತಗೊಳ್ಳಲಾ?” ಎಂದು ಕೇಳಿದವರು ಒಬ್ಬರೇ. ಸಂಜೆ ಅಂಜಲ್ ಹಿಡಿದುಕೊಂಡು ಬಂದವರು.

ಬೇಡ ದೇವರೇ, ಅಂದುಕೊಂಡಳು. ನನ್ನ ಮನೆಯ ಮನುಷ್ಯ ಬೇಡ. ಆದರೆ ಹೀಗೆ ಬೇಡಿಕೊಳ್ಳುವಾಗಲೇ ಡೆಬೊರಾಳ ಚೀಲವನ್ನು ಎತ್ತಿಕೊಂಡು ಲಿಫ್ಟಿನತ್ತ ನಡೆದ ಆ ಬೆನ್ನು ಕಣ್ಣೆದುರು ಬಂತು. ಬೆಳಿಗ್ಗೆ ಸಿಕ್ಕಿದ ಪ್ರಿಯನ್‌ನ ಫೋನನ್ನು ಡೆಬೊರಾ ಆ ಚೀಲದೊಳಗೇ ಹಾಕಿಕೊಂಡಿದ್ದಳು. ಲಾಕ್ ತೆರೆದರೆ ಸಾಕು, ಕೋಡ್ ಕೇಳಿದವನ ನಂಬರು ಅದರೊಳಗೆ ಇತ್ತು.

ಅವಳು ಡೆಬೊರಾಗೆ ಫೋನ್ ಮಾಡಿ ಸ್ಪೀಕರ್ ಸಣ್ಣದಾಗಿ ಹಾಕಿದಳು. ಮಾತಾಡಬೇಡ ಎಂದು ಅಫ್ಫಾನ್‌ಗೆ ತುಟಿಯ ಮೇಲೆ ಬೆರಳಿಟ್ಟು ತೋರಿಸಿದಳು. ರಿಂಗು ಬಹಳ ಹೊತ್ತು ಹೋಯಿತು.

“ಹಾಂ, ಮಗ್ದಲೀನ್.”

ಗೇಬ್ರಿಯಲ್.

“ಭಾವಾ, ಡೆಬೊರಾ ಮಲಗಿದ್ದಾಳಾ?” ತನ್ನ ದನಿ ಇಷ್ಟು ಸಹಜವಾಗಿ ಹೊರಟದ್ದು ಅವಳಿಗೇ ಆಶ್ಚರ್ಯ.

“ಎಲ್ಲಿಯ ನಿದ್ದೆ! ಒಳ್ಳೇ ಸುದ್ದಿ ಉಂಟು. ನನ್ನ ಹಳೇ ದೋಸ್ತಿಯೊಬ್ಬ ಪ್ರಿಯನ್‌ನನ್ನು ಕಂಡಿದ್ದಾನಂತೆ. ಹೇಳಿದ್ದೇ ತಡ, ಹುಡುಗಿ ಟ್ಯಾಕ್ಸಿ ನಿಲ್ಲಿಸ್ಲಿಕ್ಕೆ ಕೆಳಗೆ ಓಡಿದಳು. ಅವಳ ಫೋನ್ ಇಲ್ಲೇ ಮರ್ತಿದ್ದಾಳೆ.”

“ಎಲ್ಲಿ ಕಂಡದ್ದಂತೆ? ನಾನೂ ಬರ್ತೇನೆ, ನಿಲ್ಲಿ.”

“ನೀನು ಯಾಕೆ ಸುಮ್ನೆ? ದೂರ ಉಂಟು. ನಾನು ಕರ್ಕೊಂಡು ಹೋಗಿ ತೋರಿಸಿ ಬರ್ತೇನೆ.”

ಅವರನ್ನು ಹೇಗಾದರೂ ಇನ್ನೊಂದು ಗಳಿಗೆ ಹಿಡಿದು ನಿಲ್ಲಿಸಬೇಕಿತ್ತು. ಇನ್ನೂ ಒಂದು ಮಾತು ಅವರ ಬಾಯಿಂದ ಬರಬೇಕಿತ್ತು, ಬಾರದಿರಲಿ ಎಂದು ಅವಳ ಜೀವ ಹಾರೈಸುತ್ತಿತ್ತು.

“ಭಾವಾ, ನಿಮ್ಮ ಬಿ.ಪಿ. ಮಾತ್ರೆ ಫ್ರಿಜ್ಜಿನ ಮೇಲೆ ತೆಗೆದಿಟ್ಟಿದ್ದೇನೆ. ದೂರ ಹೋಗುವವರು ನುಂಗಿಯೇ ಹೋಗಿ.”

“ಓ, ಮರ್ತೇ ಹೋಗಿತ್ತು ನೋಡು.” ಕೀ ಗೊಂಚಲಿನ ಸದ್ದು. ಬಾಗಿಲಿನ ಸದ್ದು. “ದೇವ್ ಬರೆಂ ಕರುಂ, ಮಗ್ದಲೀನ್.”

ಫೋನ್ ಕಡಿದುಹೋಯಿತು.

ಅಫ್ಫಾನ್ ಎರಡೂ ಕೈಯಲ್ಲಿ ಕಿಟಕಿಯ ಅಂಚನ್ನು ಹಿಡಿದುಕೊಂಡಿದ್ದ. “ಆಂಟಿ,” ಅಂದ, “ಇದೇ. ಇದೇ ಸ್ವರ.”

“ಪ್ರಿಯನ್‌ನ ನಂಬರ್ ಹೇಳು. ತಮ್ಮನ ಫೋನನ್ನು ಡೆಬೊರಾ ಬಿಟ್ಟು ಹೋಗಿರ್ಲಿಕ್ಕಿಲ್ಲ. ಬೇಗ!”

ನಿನ್ನೆ ಕೋಡ್ ಓದಿದ ಹಾಗೆಯೇ ಅಫ್ಫಾನ್ ಒಂದೊಂದೇ ಅಂಕಿಯಾಗಿ ಹೇಳಿದ. ಹೇಳುತ್ತಾ ಅಳುತ್ತಿದ್ದ. ಅವಳು ಒತ್ತಿದಳು. ರಿಂಗು ಹೋಯಿತು. ಎತ್ತು ಮಗಾ, ಎತ್ತು.

“ಹಲೋ? ಯಾರು?” ಹಿಂದೆ ರಸ್ತೆಯ ಗದ್ದಲ, ಹಾರ್ನು. ಡೆಬೊರಾಳ ದನಿಯಲ್ಲಿ ಬುಧವಾರದಿಂದ ಇಲ್ಲದಿದ್ದ ಜೀವ ಬಂದಿತ್ತು.

“ನಾನು ಮಗ್ದಲೀನ್ ಆಂಟಿ. ಡೆಬೊರಾ, ಆ ಟ್ಯಾಕ್ಸಿ ಹತ್ತಬೇಡ. ಕೇಳ್ತಾ? ಹತ್ತಬೇಡ!”

“ಏನು ಆಂಟಿ? ಇಲ್ಲಿ ಏನೂ ಕೇಳ್ತಿಲ್ಲ. ಪ್ರಿಯನ್ ಸಿಕ್ಕಿದ ಆಂಟಿ! ಹಾಂ, ಅಂಕಲ್ ಬಂದ್ರು. ಇರಿ, ಫೋನ್ ಅವರ ಕೈಗೇ ಕೊಡ್ತೇನೆ.”